ಜಪಸರದ ನಂತರದ ಪಾಠ

ಪೈವಳಿಕೆಯ ಗುಡ್ಡೆಯ ಮೇಲಿನ ಆ ಮನೆಯಲ್ಲಿ ಸಂಜೆಯ ಜಪಸರ ಮುಗಿದರೂ ಜೂಲಿಯೆಟ್ ಏಳುತ್ತಿರಲಿಲ್ಲ. ಎದುರಿಗೆ ಕೂತ ಗಂಡ ಗಿಲ್ಬರ್ಟನನ್ನೂ ಏಳಲು ಬಿಡುತ್ತಿರಲಿಲ್ಲ. ಪ್ರಾರ್ಥನೆ ಹೇಳಿಕೊಟ್ಟ ಧ್ವನಿಯಲ್ಲೇ ಮುಂದುವರಿಸುತ್ತಿದ್ದಳು.

"ನಾವಿರುವ ಜಿಲ್ಲೆ?"

"ಕಾಸರಗೋಡು."

"ನೂರರಿಂದ ಏಳೇಳು ಕಳೆದರೆ?"

"ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು."

ಮನೆಮಾತು ಕೊಂಕಣಿ. ಆದರೆ ಮಂಗಳೂರಿನ ಆಸ್ಪತ್ರೆಯಲ್ಲಿ ಕೇಳುವುದು ಕನ್ನಡದಲ್ಲಿ, ಹಾಗಾಗಿ ಪಾಠವೂ ಕನ್ನಡದಲ್ಲೇ. ಹಾಲು ತರುವ ನೆರೆಮನೆಯ ಕಿನ್ನಿ ಜಗಲಿಯಲ್ಲಿ ನಿಂತು ನಗುತ್ತಿದ್ದಳು. "ಎಂತ ಬಾಯಮ್ಮ, ಈ ಪ್ರಾಯದಲ್ಲಿ ನಿಮ್ಮ ಪೊರ್ಬುಗಳನ್ನು ಎಸ್ಸೆಸ್ಸೆಲ್ಸಿಗೆ ಕೂರಿಸ್ತೀರಾ?"

"ಕೂರಿಸ್ತೇನೆ. ನೀನು ಹಾಲಿಗೆ ನೀರು ಸೇರಿಸುವುದನ್ನು ಬಿಡು ಮೊದಲು."

ಕೆಂಪುಕಲ್ಲಿನ ಕೋರೆಯಲ್ಲಿ ಮೇಸ್ತ್ರಿಯಾಗಿದ್ದವನು ಗಿಲ್ಬರ್ಟ್. ಅವನು ಮೊದಲು ಮರೆತದ್ದು ಕೊಡೆಯನ್ನು, ಆಮೇಲೆ ಮನೆಯ ದಾರಿಯನ್ನು. ಈಗೀಗ ಬೆಳಿಗ್ಗೆ ಅವಳು ಕೊಟ್ಟ ಚಹಾ ಹಿಡಿದುಕೊಂಡು, "ನೀವು ಯಾರ ಪೈಕಿ?" ಎಂದು ಮರ್ಯಾದೆಯಿಂದ ಕೇಳುತ್ತಿದ್ದ. ಹೊತ್ತೇರಿದ ಮೇಲೆ ಗುರುತು ಮರಳುತ್ತಿತ್ತು. ಅದು ಪೂರ್ತಿ ಹೋಗಿಬಿಡುವ ಮೊದಲು ಏನಾದರೂ ಆಗಬೇಕೆಂದು ಅವಳು ಒದ್ದಾಡುತ್ತಿರುವಾಗಲೇ ಊರಿನ ಡಾಕ್ಟರರು ಹೇಳಿದ್ದರು: ಮಂಗಳೂರಿನಲ್ಲಿ ಮರೆವಿನ ರೋಗಕ್ಕೆ ಹೊಸ ಮದ್ದೊಂದರ ಪ್ರಯೋಗ ನಡೆಯುತ್ತಿದೆ, ಕೆಲವರನ್ನು ಆರಿಸಿ ಸೇರಿಸಿಕೊಳ್ಳುತ್ತಾರೆ, ಅದಕ್ಕೊಂದು ಪರೀಕ್ಷೆ ಉಂಟು. ಮಾದರಿಗೆಂದು ಅವರು ಕೆಲವು ಪ್ರಶ್ನೆ ಕೇಳಿದಾಗ ಗಿಲ್ಬರ್ಟ್ ತನ್ನ ಜಿಲ್ಲೆ ಕಣ್ಣೂರು ಎಂದಿದ್ದ. ಕಾಸರಗೋಡು ಬೇರೆ ಜಿಲ್ಲೆಯಾಗಿ ನಲವತ್ತು ವರ್ಷವಾಗಿತ್ತು. ಜೂಲಿಯೆಟ್ ನಾಚಿಕೆಯಿಂದ ತಲೆ ತಗ್ಗಿಸಿದ್ದಳು.

ಆದರೆ ಅವಳು ಇಗರ್ಜಿಯಲ್ಲಿ ಭಾನುವಾರದ ಧರ್ಮೋಪದೇಶ ಕಲಿಸಿದವಳು. ಅವಳ ಕೈಯಲ್ಲಿ ಕಲಿತ ಮಕ್ಕಳು ಬಿಷಪರ ಎದುರು ಒಂದು ಉತ್ತರಕ್ಕೂ ತಡವರಿಸಿದ್ದಿಲ್ಲ. ಪರೀಕ್ಷೆ ಎಂದ ಮೇಲೆ ಪಾಸಾದವರಿಗೆ ಸೀಟು, ಇದರಲ್ಲಿ ಕೇಳುವುದೆಂತ? ಎಲ್ಲ ಮರೆತರೂ ಗಿಲ್ಬರ್ಟನಿಗೆ ಜಪಸರ ತಪ್ಪಿರಲಿಲ್ಲ. ಅದರ ಬಾಲಕ್ಕೆ ಕಟ್ಟಿದ್ದೂ ಉಳಿದೀತು ಎಂದುಕೊಂಡಳು. ಉಳಿಯಿತು.

ಪರೀಕ್ಷೆಯ ದಿನ ಅವಳನ್ನು ಹೊರಗೆ ಕೂರಿಸಿದರು. ಒಳಗಿನಿಂದ ಗಂಡನ ಉತ್ತರಗಳು ಪ್ರಾರ್ಥನೆಯ ರಾಗದಲ್ಲೇ ಕೇಳಿಸುತ್ತಿದ್ದವು. ಕೊನೆಗೆ ಶಶಾಂಕನೆಂಬ ಯುವ ಡಾಕ್ಟರ್ ನಗುತ್ತಾ ಬಾಗಿಲು ತೆರೆದು ಗಿಲ್ಬರ್ಟನನ್ನು ಹೊರಗೆ ಕರೆತಂದ.

"ಒಳ್ಳೆ ಸುದ್ದಿ ಅಮ್ಮ. ಇವರಿಗೆ ಅಂಥದ್ದೇನಿಲ್ಲ. ಎಲ್ಲ ಸರಿ ಹೇಳಿದ್ರು."

"ಹಾಗಾದ್ರೆ ಮದ್ದು ಯಾವಾಗಿಂದ?"

"ಮದ್ದು ನಿಜವಾಗಿ ಮರೆವು ಇರುವವರಿಗೆ. ಇಷ್ಟು ಮಾರ್ಕು ತೆಗೆದವರನ್ನು ಸೇರಿಸಲಿಕ್ಕಿಲ್ಲ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಡಾಕ್ಟ್ರೇ, ಅದು ನಾನು ಕಲಿಸಿದ್ದು. ಬಾಯಿಪಾಠ. ಇವರಿಗೆ ಎಂತದೂ ಗೊತ್ತಿಲ್ಲ."

ಶಶಾಂಕನ ನಗು ಸಣ್ಣದಾಯಿತು. "ಸೀಟು ಸಿಗಲಿ ಅಂತ ಹೀಗೆ ಹೇಳುವವರು ತುಂಬ ಮಂದಿ ಬರ್ತಾರೆ ಅಮ್ಮ."

"ದೇವರಾಣೆ. ಬೇರೆ ಎಂತಾದ್ರೂ ಕೇಳಿ ನೋಡಿ."

ಅವನು ಗಿಲ್ಬರ್ಟನ ಕಡೆ ತಿರುಗಿದ. "ಅಜ್ಜ, ನಿಮ್ಮೊಟ್ಟಿಗೆ ಬಂದದ್ದು ಯಾರು?"

ಅದನ್ನೂ ಕಲಿಸದೆ ಅವಳು ಬಿಟ್ಟಿರಲಿಲ್ಲ.

"ಹೆಂಡತಿ ಜೂಲಿಯೆಟ್," ಎಂದ ಗಿಲ್ಬರ್ಟ್, ಗೋಡೆಯನ್ನು ನೋಡುತ್ತಾ.

"ನೋಡಿ," ಎಂದ ಶಶಾಂಕ. "ಮದ್ದು ಕೊಟ್ಟ ಮೇಲೆ ಹೇಗಿದ್ದಾರೆ ಅಂತ ಮನೆಯಲ್ಲಿರುವವರ ಮಾತು ನಂಬಿಯೇ ನಾವು ಬರೆಯುವುದು. ನೀವೇ ಹೀಗಂದ್ರೆ ಹೇಗೆ? ಅಜ್ಜನನ್ನು ಚೆನ್ನಾಗಿ ನೋಡಿಕೊಳ್ಳಿ." ಮುಂದಿನವರ ಹೆಸರು ಕೂಗಿ ಅವರನ್ನು ಒಳಗೆ ಬಿಟ್ಟು ಬಾಗಿಲು ಹಾಕಿಕೊಂಡ.

ಜೂಲಿಯೆಟ್ ಬಾಗಿಲು ತಟ್ಟಲೆಂದು ಕೈ ಎತ್ತಿದಳು. ಎಂತ ಹೇಳುವುದು? ಹೇಳಬೇಕಾದ ಸತ್ಯವನ್ನೆಲ್ಲ ಹೇಳಿಯಾಗಿತ್ತು.

ಗಿಲ್ಬರ್ಟ್ ಅವಳ ಸೆರಗಿನ ತುದಿ ಮುಟ್ಟಿ ಮೆಲ್ಲನೆ ಕರೆದ. ಮುಖ ಅರಳಿತ್ತು. "ಬಾಯೇ, ನಾನು ಪಾಸು. ಬೇಗ ಹೋಗಿ ಜೂಲಿಯೆಟಿಗೆ ಹೇಳಬೇಕು. ಅವಳೇ ಕಲಿಸಿದ್ದು."

ಅವಳು ಎತ್ತಿದ ಕೈ ಇಳಿಸಿದಳು.

"ನಿಮಗೆ ಯಾವ ಕಡೆಗೆ ಹೋಗಲಿಕ್ಕೆ?" ಎಂದು ಅವನು ಕೇಳಿದ.

"ಪೈವಳಿಕೆಗೆ."

"ಓ, ನಮ್ಮೂರೇ! ಹಾಗಾದ್ರೆ ಒಟ್ಟಿಗೇ ಹೋಗುವಾ," ಎಂದು ಅವನು, ಪರವೂರಿನಲ್ಲಿ ಜೊತೆ ಸಿಕ್ಕವರಿಗೆ ದಾರಿ ಬಿಡುವವನಂತೆ, ಪಕ್ಕಕ್ಕೆ ಸರಿದು ನಿಂತ.