ವೀರಯ್ಯನವರು ನೀರಿಗೆ ಬಿದ್ದ ಭಾನುವಾರ

ಭುವನೇಶ್ವರಿ ಹಾಯಿದೋಣಿಯನ್ನು ಮೊದಲು ಕಂಡದ್ದು ಬಸ್ಸಿನ ಕಿಟಕಿಯಿಂದ. ತವರುಮನೆ ಮಕ್ತಲಿನಿಂದ ಗದ್ವಾಲಿಗೆ ಮರಳುತ್ತಿದ್ದಳು. ಬಸ್ಸು ಜೂರಾಲ ಅಣೆಕಟ್ಟಿನ ಮೇಲೆ ಬಂದಾಗ ಹಿನ್ನೀರಿನಲ್ಲಿ ಬಿಳಿ ಹಾಯಿಗಳು ಒಂದು ಮಗ್ಗುಲಿಗೆ ವಾಲಿಕೊಂಡು ಓಡುತ್ತಿದ್ದವು. ಎಂಜಿನ್ನಿನ ಸದ್ದಿಲ್ಲ, ಹುಟ್ಟು ಹಾಕುವವರಿಲ್ಲ. ಗಾಳಿಯನ್ನೇ ಹಿಡಿದುಕೊಂಡು ಗಾಳಿಯ ಎದುರಿಗೇ ಹೊರಟಂತಿದ್ದವು.

“ಅದೇನ್ರೀ ಅದು?” ಎಂದು ಪಕ್ಕದಲ್ಲಿ ಕೂತಿದ್ದ ಹೆಂಗಸನ್ನು ಕೇಳಿದಳು.

“ನಮ್ಮ ಧರೂರಿನ ವೀರಯ್ಯ ಸಾರ್‌ದು ಕ್ಲಬ್ ಐತ್ರಿ. ನೇವಿಯಾಗ ಇದ್ದು ರಿಟೈರ್ ಆಗ್ಯಾರ. ಯಾರ ಹೋದ್ರೂ ಕಲಸ್ತಾರಂತ.”

ಭುವನೇಶ್ವರಿಗೆ ಆಗ ನಲವತ್ತು ದಾಟಿತ್ತು. ಗಂಡ ಕೊಟ್ರೇಶನ ಜೊತೆ ಗದ್ವಾಲಿನಲ್ಲಿ ಸೀರೆ ಅಂಗಡಿ ನಡೆಸುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಗಾದಿಯ ಮೇಲೆ ಕೂತು ಸೀರೆ ಬಿಡಿಸುವುದು, ಮಡಿಸುವುದು. ಕೆಲಸದ ಮೇಲೆ ಬೇಸರವೇನೂ ಇರಲಿಲ್ಲ. ಆದರೆ ಅಂದು ರಾತ್ರಿ ಊಟಕ್ಕೆ ಬಡಿಸುತ್ತ, “ನಾ ಅದನ್ನ ಕಲೀತೀನ್ರೀ” ಎಂದುಬಿಟ್ಟಳು. ಕೊಟ್ರೇಶ ನಕ್ಕ. ಅವಳು ನಗಲಿಲ್ಲ. ಮುಂದಿನ ಭಾನುವಾರ ಅವನೇ ಸ್ಕೂಟರಿನಲ್ಲಿ ಕರೆದುಕೊಂಡು ಹೋದ.

ಕ್ಲಬ್ ಎಂದರೆ ನೀರಿನ ದಂಡೆಯ ಮೇಲೊಂದು ತಗಡಿನ ಶೆಡ್ಡು, ಕೆಲವು ಪುಟ್ಟ ದೋಣಿಗಳು, ಅಪಾಯಕ್ಕೆಂದು ಒಂದು ಮೋಟಾರ್ ಬೋಟು. ಅದನ್ನು ನಡೆಸಲು ನರೇಂದರ್ ಎಂಬ ಯುವಕನಿದ್ದ. ಶೆಡ್ಡಿನ ಮೂಲೆಯಲ್ಲಿ ವೀರಯ್ಯನವರ ಹೆಂಡತಿ ಶಿವಬಸಮ್ಮ ಎಲ್ಲರಿಗೂ ಚಹಾ ಕಾಯಿಸುತ್ತಿದ್ದರು.

ವೀರಯ್ಯನವರು ಮೊದಮೊದಲು ಅವಳನ್ನು ದೋಣಿ ಹತ್ತಿಸಲೇ ಇಲ್ಲ. ಲೈಫ್ ಜಾಕೆಟ್ ಬಿಗಿದು ಎದೆಮಟ್ಟದ ನೀರಿನಲ್ಲಿ ತೇಲಲು ಕಲಿಸಿದರು, ಆಮೇಲೆ ಈಜು. ದೋಣಿ ಹತ್ತಿಸಿದ ದಿನ ಮೊದಲು ಹೇಳಿದ ಮಾತು ಇದು:

“ಹೆದರಿಕಿ ಬಂತಂದ್ರ ಹಾಯಿ ಹಗ್ಗ ಬಿಟ್ಟುಬಿಡು, ತಂಗಿ. ಗಾಳಿ ಸೋರಿ ಹೋಗ್ತದ, ಬೋಟ್ ನಿಲ್ತದ. ಎಲ್ಲಾರೂ ಹೆದರಿದಾಗ ಹಗ್ಗ ಇನ್ನಾ ಗಟ್ಟಿ ಹಿಡೀತಾರ. ಅಲ್ಲೇ ತಪ್ಪಾಗೋದು.”

ಅವರ ಪಾಠಗಳಿಗೆ ಕೊನೆಯಿರಲಿಲ್ಲ. ಹೊರಡುವ ಮುಂಚೆ ನೀರಿನ ಮೇಲಿನ ಕಪ್ಪು ಸುಕ್ಕು ನೋಡಬೇಕು, ಗಾಳಿಯ ಹೊಡೆತ ಅಲ್ಲಿಂದಲೇ ಬರುತ್ತದೆ. ಟೋಪಿಗೆ ದಾರ ಕಟ್ಟಿಕೊಳ್ಳಬೇಕು. ಬರಿಗಾಲಲ್ಲಿ ನೀರಿಗಿಳಿಯಬಾರದು, ತಳದಲ್ಲಿ ಚೂಪುಗಲ್ಲುಗಳಿವೆ. ದೋಣಿ ಮಗುಚಿದರೆ ಅದನ್ನು ಬಿಟ್ಟು ದಂಡೆಗೆ ಈಜಲು ಹೋಗಬಾರದು. ಹಾಯಿಯ ಬುಡದಲ್ಲಿ ಅಡ್ಡಕ್ಕಿರುವ ಕೋಲು ಯಾವಾಗ ಬೀಸುತ್ತದೋ ಹೇಳಲಾಗದು, ಸದಾ ತಲೆ ತಗ್ಗಿಸಿಯೇ ಇರಬೇಕು.

ಎಲ್ಲಕ್ಕಿಂತ ಬೇಸರದ ಪಾಠವೆಂದರೆ ನೀರಿಗೆ ಬಿದ್ದವರನ್ನು ಎತ್ತುವುದು. ವೀರಯ್ಯನವರು ಅರ್ಧ ನೀರು ತುಂಬಿದ ಹಳದಿ ಎಣ್ಣೆ ಡಬ್ಬಿಯೊಂದನ್ನು ದೋಣಿಯಿಂದ ಎಸೆದು, “ಮನುಷ್ಯಾ ಬಿದ್ದಾನ! ತಗೊಂಡು ಬಾ!” ಎಂದು ಕೂಗುತ್ತಿದ್ದರು. ನೇರವಾಗಿ ಅದರ ಮೇಲೆ ಹೋಗುವಂತಿಲ್ಲ. ಗಾಳಿಗೆ ಅಡ್ಡಲಾಗಿ ಸ್ವಲ್ಪ ದೂರ ಸರಿದು, ದೋಣಿಯ ಮೂತಿಯನ್ನು ಗಾಳಿಯತ್ತ ಹೊರಳಿಸಿ, ಮತ್ತೆ ಕೆಳಗಾಳಿಯ ಕಡೆಯಿಂದ, ಎಂದರೆ ಗಾಳಿ ಬೀಸಿಹೋಗುವ ದಿಕ್ಕಿನಿಂದ, ನಿಧಾನವಾಗಿ ಬರಬೇಕು. ಬಂದವಳೇ ಹಗ್ಗ ಸಡಿಲ ಬಿಟ್ಟು ಡಬ್ಬಿಯ ಪಕ್ಕದಲ್ಲೇ ನಿಲ್ಲಬೇಕು. ಅಷ್ಟು ಹೊತ್ತೂ ಕಣ್ಣು ಡಬ್ಬಿಯ ಮೇಲೆಯೇ ಇರಬೇಕು. ಅವಳ ಜೊತೆ ಕಲಿಯಲು ಬರುತ್ತಿದ್ದ ಕಾಲೇಜಿನ ಹುಡುಗಿಯರು ಬೇಗ ಕಲಿತರು. ಭುವನೇಶ್ವರಿ ಮಾತ್ರ ಒಮ್ಮೆ ಡಬ್ಬಿಯನ್ನು ದಾಟಿ ಹೋಗುವಳು, ಇನ್ನೊಮ್ಮೆ ಅದಕ್ಕೇ ಗುದ್ದುವಳು.

“ಪಾಪ, ಆ ಮನುಷ್ಯಾನ್ನ ನೀನಽ ಕೊಂದಿ ನೋಡು” ಎಂದು ಶಿವಬಸಮ್ಮ ದಂಡೆಯಿಂದ ನಗುತ್ತಿದ್ದರು. ವೀರಯ್ಯನವರು ನಗುತ್ತಿರಲಿಲ್ಲ. “ಇನ್ನೊಮ್ಮೆ” ಎನ್ನುತ್ತಿದ್ದರು, ಅಷ್ಟೇ.

ಎರಡನೆಯ ವರ್ಷದ ಆಷಾಢದ ಒಂದು ಭಾನುವಾರ ಅದು ನಡೆಯಿತು. ಪಶ್ಚಿಮದ ಗಾಳಿ ಬಲವಾಗಿತ್ತು. ಭುವನೇಶ್ವರಿ ಚುಕ್ಕಾಣಿ ಹಿಡಿದಿದ್ದಳು, ಮುಂದೆ ವೀರಯ್ಯನವರು ಕೂತಿದ್ದರು. ದೂರದಲ್ಲಿ ಕಾಲೇಜಿನ ಹುಡುಗಿಯರ ದೋಣಿ ಮಗುಚಿ, ನರೇಂದರ್ ಮೋಟಾರ್ ಬೋಟಿನಲ್ಲಿ ಅವರತ್ತ ಹೋಗಿದ್ದ. ಇವರ ದೋಣಿ ಗಾಳಿಗೆ ಬೆನ್ನು ಕೊಟ್ಟು ದಂಡೆಯ ಕಡೆ ಬರುತ್ತಿತ್ತು. ಹಾಯಿಗಂಬಕ್ಕೆ ಹಗ್ಗವೊಂದು ಸುತ್ತಿಕೊಂಡಿತ್ತು. ಅದನ್ನು ಬಿಡಿಸಲೆಂದು ವೀರಯ್ಯನವರು ಎದ್ದು ನಿಂತರು.

“ಸರ್, ಕೂಡ್ರಿ!” ಎಂದು ಅವಳು ಹೇಳುವಷ್ಟರಲ್ಲಿ ಗಾಳಿ ದಿಕ್ಕು ಬದಲಿಸಿತು. ಹಾಯಿ ಒಮ್ಮೆಲೇ ಆ ಕಡೆಯಿಂದ ಈ ಕಡೆಗೆ ಬಡಿಯಿತು. ಅಡ್ಡಕೋಲು ಅವರ ಕಿವಿಯ ಮೇಲ್ಭಾಗಕ್ಕೆ ಹೊಡೆಯಿತು. ಅವರು ನೀರಿಗೆ ಉರುಳಿದರು.

ಭುವನೇಶ್ವರಿಯ ಕೈ ತಾನಾಗಿ ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡಿತು, ದೋಣಿ ಅವರಿಂದ ದೂರ ದೂರ ಓಡಿತು. ಆಗ ಅವಳಿಗೆ ತನ್ನ ಮುಷ್ಟಿ ಕಾಣಿಸಿತು. ಬೆರಳು ಬಿಚ್ಚಿದಳು. ಹಾಯಿ ಪಟಪಟನೆ ಬಡಿದುಕೊಂಡು ದೋಣಿ ನಿಂತಿತು. ತಿರುಗಿ ನೋಡಿದರೆ ಕಿತ್ತಳೆ ಬಣ್ಣದ ಜಾಕೆಟ್ಟು ಅಲೆಗಳ ನಡುವೆ ಏಳುತ್ತ ಬೀಳುತ್ತ ಇತ್ತು. ಮುಖ ಮೇಲಕ್ಕಿತ್ತು, ಆದರೆ ಕೈಕಾಲು ಆಡುತ್ತಿರಲಿಲ್ಲ.

ಕೂಗಿದರೆ ನರೇಂದರನಿಗೆ ಕೇಳುವ ಹಾಗಿರಲಿಲ್ಲ. ಅವಳು ಆ ಕಿತ್ತಳೆ ಚುಕ್ಕೆಯ ಮೇಲಿಂದ ಕಣ್ಣು ಕೀಳದೆ ಚುಕ್ಕಾಣಿ ತಿರುಗಿಸಿದಳು. ಅಡ್ಡಲಾಗಿ ಹೋದಳು, ಹೊರಳಿದಳು, ಕೆಳಗಾಳಿಯಿಂದ ಬಂದಳು. ವೇಗ ಹೆಚ್ಚಾಯಿತು. ಕೈಗೆ ಸಿಗುವಷ್ಟು ಹತ್ತಿರದಲ್ಲೇ ಅವರನ್ನು ದಾಟಿ ಹೋದಳು. ಹಣೆಯ ಮೇಲಿಳಿಯುತ್ತಿದ್ದ ರಕ್ತ ಕಾಣಿಸಿತು. ಅಳು ಬಂತು. “ಇನ್ನೊಮ್ಮೆ” ಎಂದು ತನಗೆ ತಾನೇ ಜೋರಾಗಿ ಹೇಳಿಕೊಂಡಳು.

ಎರಡನೆಯ ಸಲ ಹಗ್ಗವನ್ನು ಸ್ವಲ್ಪ ಮುಂಚೆಯೇ ಬಿಟ್ಟಳು. ದೋಣಿ ತೆವಳುತ್ತ ಬಂದು ಅವರ ಪಕ್ಕದಲ್ಲಿ ನಿಂತಿತು. ಮಂಡಿಯೂರಿ, ಕೈಚಾಚಿ, ಜಾಕೆಟ್ಟಿನ ಭುಜದ ಪಟ್ಟಿಗಳನ್ನು ಎರಡೂ ಕೈಗಳಿಂದ ಹಿಡಿದಳು. ಎತ್ತಲು ನೋಡಿದಳು, ಆಗಲಿಲ್ಲ. ಆರಡಿ ಆಳು, ನೀರು ಕುಡಿದ ಬಟ್ಟೆ. ಎತ್ತುವ ಆಸೆ ಬಿಟ್ಟು, ಅವರ ತಲೆ ನೀರಿನಿಂದ ಮೇಲಿರುವಂತೆ ದೋಣಿಯ ಅಂಚಿಗೆ ಒತ್ತಿ ಹಿಡಿದಳು. ತನ್ನ ಜಾಕೆಟ್ಟಿಗೆ ಕಟ್ಟಿದ್ದ ಪೀಪಿಯನ್ನು ಹಲ್ಲಿನಲ್ಲಿ ಕಚ್ಚಿ ಊದಿದಳು. ಉಸಿರು ತಿರುಗಿದಾಗಲೆಲ್ಲ ಮಾತಾಡಿದಳು.

“ಸರ್, ಕಣ್ ತೆರೀರಿ. ಶಿವಬಸಮ್ಮಕ್ಕಾರು ಚಾ ಮಾಡ್ಯಾರ. ಸರ್, ನನ ಮಾತ ಕೇಳಸ್ತೈತೇನ್ರಿ?”

ಬಹಳ ಹೊತ್ತಿನ ಮೇಲೆ ವೀರಯ್ಯನವರ ತುಟಿ ಅಲುಗಿತು.

“ಹಗ್ಗ ಬಿಟ್ಟೀಯೇನು?” ಎಂದರು.

“ಬಿಟ್ಟೀನ್ರಿ ಸರ್, ಬಿಟ್ಟೀನಿ.” ಅವಳು ಅಳುತ್ತ ನಕ್ಕಳು.

ಹುಡುಗಿಯರ ದೋಣಿಯನ್ನು ಆಗಲೇ ನೆಟ್ಟಗೆ ನಿಲ್ಲಿಸಿದ್ದ ನರೇಂದರ್ ಪೀಪಿಯ ಸದ್ದಿಗೆ ಬೋಟು ತಿರುಗಿಸಿದ. ಹತ್ತಿರ ಬಂದವನ ಬಾಯಿಂದ ತೆಲುಗೇ ಬಂತು. “ಅಯ್ಯೋ, ಸಾರ್‌ಕಿ ಏಮೈಂದಿ ಅಕ್ಕಾ?” ಸಾರಿಗೆ ಏನಾಯಿತೆಂದು ಕೇಳುತ್ತಲೇ ದೋಣಿಗೆ ಬೋಟು ತಾಗಿಸಿದ. ಇಬ್ಬರೂ ಸೇರಿ ಅವರನ್ನು ಬೋಟಿಗೆ ಎಳೆದುಕೊಂಡರು. ಗದ್ವಾಲಿನ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು, ತಲೆಯ ಸ್ಕ್ಯಾನ್ ಮಾಡಿ ಒಳಗೇನೂ ಆಗಿಲ್ಲವೆಂದರು.

ಶಿವಬಸಮ್ಮ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಡಾಕ್ಟರ ಮಾತು ಕೇಳಿದ ಮೇಲೆ ಎದ್ದು ಭುವನೇಶ್ವರಿಯ ಬಳಿ ಬಂದರು. ತಮ್ಮ ಸೆರಗಿನಿಂದ ಅವಳ ಒದ್ದೆ ಕೂದಲನ್ನು ಒರೆಸತೊಡಗಿದರು. ಮಗುವಿಗೆ ಒರೆಸುವ ಹಾಗೆ, ಕಿವಿಯ ಹಿಂದೆ, ಕತ್ತಿಗೆ, ಮತ್ತೆ ಮತ್ತೆ. ಭುವನೇಶ್ವರಿ ತಲೆ ಬಗ್ಗಿಸಿ ನಿಂತಳು. ಸುದ್ದಿ ಕೇಳಿ ಅಂಗಡಿ ಮುಚ್ಚಿ ಓಡಿಬಂದಿದ್ದ ಕೊಟ್ರೇಶ ದೂರದಲ್ಲೇ ನಿಂತುಬಿಟ್ಟ.

ಹೊಲಿಗೆ ಬಿಚ್ಚಿದ ಮೇಲಿನ ಭಾನುವಾರ ವೀರಯ್ಯನವರು ಶೆಡ್ಡಿಗೆ ಬಂದರು. ಎಲ್ಲರನ್ನೂ ಕೂರಿಸಿ, ತಾವು ಮಾಡಿದ ತಪ್ಪನ್ನೇ ಪಾಠ ಮಾಡಿದರು. ಹಿಂಗಾಳಿಯಲ್ಲಿ ಎದ್ದು ನಿಂತದ್ದು, ಭುವನೇಶ್ವರಿಗೆ ಎಚ್ಚರ ಹೇಳದೆ ನಿಂತದ್ದು. “ಇಷ್ಟ ವರ್ಷ ಸಮುದ್ರದಾಗ ಇದ್ದೆ, ನನಗೇನಾಗ್ತದ ಅನ್ನೋ ಸೊಕ್ಕು” ಎಂದರು. ಇನ್ನು ಮೇಲೆ ತಾವೂ ಸೇರಿ ಎಲ್ಲರಿಗೂ ಹೆಲ್ಮೆಟ್ ಎಂದರು. ಆಮೇಲೆ ಅವಳ ಕಡೆ ತಿರುಗಿ ಕೈಮುಗಿದರು.

ಭುವನೇಶ್ವರಿ ಗಾಬರಿಯಾಗಿ ಎದ್ದಳು. “ಹಂಗ ಮಾಡಬ್ಯಾಡ್ರಿ ಸರ್. ನೀವು ಕಲಿಸಿದ್ದು ನಾ ಮಾಡೀನಿ. ನೀವು ಕಲಸದಽ ಇದ್ರ ನಾ ಅಲ್ಲಿ ಚೀರ್ಕೋತ ಕುಂತಿರತಿದ್ದೆ.”

“ಕಲಿಸೋದು ನನ್ನ ಕೆಲಸ ಆಗಿತ್ತು ತಂಗಿ. ಆ ಗಾಳ್ಯಾಗ ತಿರುಗಿ ಬಂದಾಕಿ ನೀನು. ನನಗ ಕೈ ಮುಗಿಯಾಕ ಬಿಡು.”

ಅವಳು ಕೂತಳು. ಮುಗಿದ ಆ ಕೈಗಳನ್ನು ನೋಡುತ್ತ ಅವಳಿಗೆ, ಬಸ್ಸಿನಲ್ಲಿ ಉತ್ತರ ಕೊಟ್ಟ ಆ ಹೆಂಗಸಿನಿಂದ ಹಿಡಿದು ಸ್ಕೂಟರಿನಲ್ಲಿ ಕರೆತಂದ ಗಂಡನವರೆಗೆ ಎಷ್ಟು ಮಂದಿಗೆ ತಾನೂ ಕೈಮುಗಿಯಬೇಕು ಅನ್ನಿಸಿತು.

ಈಗ ಹೊಸಬರ ಕೆಲವು ಪಾಠಗಳನ್ನು ಅವಳೇ ಮಾಡುತ್ತಾಳೆ. ದಾಮರಗಿದ್ದದಿಂದ ಬರುವ ಕುರುಮಮ್ಮ ಟೀಚರು ಅವಳ ಮೊದಲ ಶಿಷ್ಯೆ. ಶಿವಬಸಮ್ಮ ಪ್ರತಿ ವಾರ ಜೋಳದ ರೊಟ್ಟಿ, ಎಣ್ಣೆಗಾಯಿ ಕಟ್ಟಿಕೊಂಡು ಬರುತ್ತಾರೆ, ಭುವನೇಶ್ವರಿಗೆಂದೇ ಬೇರೆಯಾಗಿ.

“ಎಷ್ಟ ದಿನ ತರ್ತೀರಿ ಅಕ್ಕಾರ? ಸಾಕ್ ಮಾಡ್ರಿ.”

“ಸೀರಿ ಅಂಗಡಿಯಾಕಿಗೆ ಸೀರಿ ಕೊಡಾಕ ಬರ್ತದೇನು? ಸುಮ್ನ ತಿನ್ನು.”

ಅವಳು ಈಗ ವಾದಿಸುವುದಿಲ್ಲ. ದಂಡೆಯ ಕಲ್ಲಿನ ಮೇಲೆ ಶಿವಬಸಮ್ಮನ ಮಗ್ಗುಲಿಗೆ ಕೂತು, ಒದ್ದೆ ಬಟ್ಟೆಯಲ್ಲೇ, ಹಸಿವಾದಷ್ಟೂ ತಿನ್ನುತ್ತಾಳೆ.