ಬೆರಳಗಲದ ಹೆಸರು

ಓಟಗಾರ್ತಿಯರನ್ನು ಮೈದಾನಕ್ಕೆ ಬಿಡುವ ಮುಂಚೆ ಒಂದು ಕೋಣೆಯಲ್ಲಿ ಕೂರಿಸಿ ತಪಾಸಣೆ ಮಾಡುತ್ತಾರೆ. ಫೋನ್ ಕೂಡದು, ಹೊರಗಿನವರ ಜೊತೆ ಮಾತು ಕೂಡದು, ಮೈಮೇಲೆ ಯಾವ ಕಂಪನಿಯ ಹೆಸರೂ ಬೆರಳಗಲಕ್ಕಿಂತ ದೊಡ್ಡದಾಗಿ ಕಾಣಕೂಡದು. ಉಸಿರಾಡೋದಕ್ಕೆ ಮಾತ್ರ ಇನ್ನೂ ನಿಯಮ ಬಂದಿಲ್ಲ, ಪುಣ್ಯ.

ಆ ಬಾಗಿಲಲ್ಲಿ ತಪಾಸಣೆಗೆ ನಿಂತಿದ್ದವಳು ಚಿಕ್ಕಮ್ಮ. ಅಂತಿಮ ಓಟದ ಎಂಟು ಜನರಲ್ಲಿ ಒಬ್ಬಳು ಅವಳ ಅಕ್ಕನ ಮಗಳು. ಅಕ್ಕ ತೀರಿಕೊಂಡ ಮೇಲೆ ಎತ್ತಿ ಆಡಿಸಿ ಬೆಳೆಸಿದ್ದು ಇವಳೇ. ಸಂಬಂಧದ ಬಗ್ಗೆ ಬಾಯಿಬಿಟ್ಟರೆ ಕೆಲಸ ಬೇರೆಯವರಿಗೆ ಹೋಗುತ್ತದೆ, ಮಗಳ ಓಟ ಹತ್ತಿರದಿಂದ ನೋಡುವ ಭಾಗ್ಯ ತಪ್ಪುತ್ತದೆ ಅಂತ ಸುಮ್ಮನಿದ್ದಳು. ಕದ್ದವರಿಗಿಂತ ಬಚ್ಚಿಟ್ಟವರಿಗೇ ಅಳುಕು ಜಾಸ್ತಿ ನೋಡಿ. ಉಳಿದ ಹುಡುಗಿಯರನ್ನು ಮೇಲೆ ಕೆಳಗೆ ಒಂದು ಸಲ ನೋಡಿ ಒಳಗೆ ಬಿಟ್ಟಳು. ಮಗಳು ಬಂದಾಗ ಮಾತ್ರ ಬಗ್ಗಿ, ಸಾಕ್ಸ್‌ನ ಮಡಿಕೆ ಬಿಚ್ಚಿ, ಬೆರಳಿಟ್ಟು ಅಳೆದಳು.

"ಹೆಸರು ದೊಡ್ಡದಿದೆ. ಬದಲಾಯಿಸ್ಕೊಂಡು ಬಾ."

"ಇನ್ನೊಂದು ಜೊತೆ ಬಸ್ಸಲ್ಲಿದೆ ಚಿಕ್ಕ..." ಮಗಳು ನಾಲಿಗೆ ಕಚ್ಚಿಕೊಂಡಳು. "ಮೇಡಂ, ಬಸ್ಸು ಆ ಕಡೆ ಗೇಟಲ್ಲಿದೆ."

"ಹಾಗಾದ್ರೆ ಬೇಗ ಓಡು."

ಇಂಥ ಹೆಸರು ಮುಚ್ಚೋದಕ್ಕೇ ಅಂತ ಮೇಜಿನ ಮೇಲೆ ಬಿಳಿ ಟೇಪ್ ಇತ್ತು. ಅದನ್ನು ಕೊಟ್ಟರೆ ಎಲ್ಲಿ ಪಕ್ಷಪಾತ ಅಂತಾರೋ ಅಂತ ಚಿಕ್ಕಮ್ಮ ಕೊಡಲಿಲ್ಲ.

ತಿರುಗಿ ನೋಡಿದಳು. ಬೆಂಚಿನ ಮೇಲೆ ಹುಡುಗಿಯರು ಕಾಲು ಚಾಚಿ ಕೂತಿದ್ದರು. ಮೂರು ಜನರ ಕಾಲಲ್ಲಿ ಅದೇ ಸಾಕ್ಸ್, ಅದೇ ಹೆಸರು.

ಅಷ್ಟರಲ್ಲಿ ಮೇಲ್ವಿಚಾರಕ ಗಡಿಯಾರ ನೋಡಿಕೊಂಡು ಬಂದ. "ಹೊತ್ತಾಯ್ತು, ಬಾಗಿಲು ಹಾಕಿ. ಬರದೇ ಇದ್ದವರು ಔಟ್."

ಬಾಗಿಲು ಹಾಕಿದರೆ ಮಗಳ ಇಷ್ಟು ವರ್ಷದ ಬೆವರು ನೀರುಪಾಲು. ತಪಾಸಣೆ ಮುಗಿಯದೆ ಬಾಗಿಲು ಹಾಕುವ ಹಾಗಿಲ್ಲ ಅನ್ನೋದೂ ಒಂದು ನಿಯಮವೇ.

"ತಪಾಸಣೆ ಮುಗಿದಿಲ್ಲ ಸರ್. ಈ ಮೂರು ಜನರದ್ದು ಸರಿಯಿಲ್ಲ. ನಾನೇ ನೋಡದೆ ಬಿಟ್ಟೆ. ಇದೇ ತಪ್ಪಿಗೆ ಇನ್ನೊಬ್ಬಳನ್ನ ಬಸ್ಸಿಗೆ ಕಳಿಸಿದ್ದೀನಿ."

ಹುಡುಗಿಯರು ಅವಳನ್ನು ನುಂಗುವ ಹಾಗೆ ನೋಡಿದರು. ಮೇಲ್ವಿಚಾರಕ ಗೊಣಗುತ್ತಾ ಟೇಪ್ ಹರಿದು ಹರಿದು ಕೊಟ್ಟ. "ಇಷ್ಟೇ ಕೆಲಸ. ಆ ಹುಡುಗಿಗೂ ಅಂಟಿಸಿ ಒಳಗೆ ಬಿಡೋದು ತಾನೇ? ಅವಳೊಬ್ಬಳನ್ನ ಯಾಕೆ ಅಟ್ಟಿದ್ರಿ?"

"ಅವಳು ನನ್ನ ಅಕ್ಕನ ಮಗಳು."

ಕೊನೆಯ ಹುಡುಗಿ ಟೇಪ್ ಅಂಟಿಸಿಕೊಳ್ಳುವಾಗ ಮಗಳು ಬಾಗಿಲಿಗೆ ಬಂದು ಬಿದ್ದಳು. ಮುಖ ಕೆಂಪೇರಿತ್ತು, ಮಾತಾಡಲು ಉಸಿರಿರಲಿಲ್ಲ. ಅವಳನ್ನು ಒಳಗೆ ಬಿಟ್ಟು, ಮೇಲ್ವಿಚಾರಕ ಚಿಕ್ಕಮ್ಮನ ಕೊರಳಿನ ಪಾಸು ಬಿಚ್ಚಿಕೊಂಡ. ಪಾಸಿಲ್ಲದವರು ಒಳಗೆ ನಿಲ್ಲುವ ಹಾಗಿಲ್ಲ. ಕಾವಲಿನವನು ಅವಳನ್ನು ರಸ್ತೆಯವರೆಗೆ ಬಿಟ್ಟು ಬಂದ.

ಗೋಡೆಯಾಚೆ ಓಟ ಶುರುವಾದ ಗುಂಡಿನ ಸದ್ದು ಕೇಳಿತು. ಬೇರೆಯವರೆಲ್ಲ ಕೂತು ಸುಧಾರಿಸಿಕೊಂಡ ಕಾಲಲ್ಲಿ ಓಡುತ್ತಿದ್ದರು. ಅವಳ ಮಗಳ ಕಾಲಿಗೆ ಮಾತ್ರ ಅದು ಎರಡನೇ ಓಟ. ಮೊದಲನೆಯದನ್ನು ಓಡಿಸಿದವಳು ನಾನೇ ಅಂತ ಚಿಕ್ಕಮ್ಮ ಗೋಡೆಗೆ ಹಣೆಯಿಟ್ಟು ಅತ್ತಳು.