ಎರಡು ಬೋಲ್ಟಿನ ಮುಚ್ಚಳ

ಕಾರಿಗೆ ಇಪ್ಪತ್ತೊಂಬತ್ತು ವರ್ಷ, ಓಡಿಸುವಾಕೆಗೆ ಐವತ್ತೇಳು. ಇಬ್ಬರ ಕಾಲವೂ ಮುಗಿಯಿತೆಂದು ಒಂದೇ ವಾರದಲ್ಲಿ ಎರಡು ಕಡೆಯಿಂದ ತೀರ್ಪು ಬಂದುಬಿಟ್ಟಿತು.

ಅವಳನ್ನು ಎಲ್ಲರೂ ನರ್ಸಮ್ಮ ಅನ್ನುತ್ತಿದ್ದರು. ಹಾಸಿಗೆ ಹಿಡಿದವರ ಮನೆಗೇ ಹೋಗಿ ಹುಣ್ಣು ತೊಳೆದು, ಪಟ್ಟಿ ಕಟ್ಟಿ, ಸೂಜಿ ಚುಚ್ಚಿ, ಎರಡು ಮಾತಾಡಿ ಬರುವುದು ಅವಳ ಕೆಲಸ. ದಿನಕ್ಕೆ ಹನ್ನೊಂದು ಮನೆ. ಗಾಯ ಬಿಚ್ಚುವ ಮೊದಲು ಒಂದು ಕ್ಷಣ ಕಣ್ಣು ಮುಚ್ಚುವಳು. ದೇವರನ್ನು ಏನೂ ಕೇಳುತ್ತಿರಲಿಲ್ಲ. ನಾನು ಬಂದಿದ್ದೇನೆ, ನೀನೂ ಇರು ಎಂದು ಹೇಳಿದ ಹಾಗೆ, ಅಷ್ಟೇ.

ಮೊದಲ ತೀರ್ಪು ಕಾರಿನ ಷೋರೂಮಿನದು. ಅಲ್ಲಿಯ ಮ್ಯಾನೇಜರ್ ಟೈ ಸರಿಮಾಡಿಕೊಂಡು ಹೇಳಿದ, "ಇಂಜಿನ್ ಗಟ್ಟಿಯಾಗಿದೆ ಮೇಡಂ. ಆದ್ರೆ ಪೆಟ್ರೋಲು ಯಾವಾಗ ಎಷ್ಟು ಚಿಮ್ಮಬೇಕು ಅಂತ ಲೆಕ್ಕ ಹಾಕೋ ಪೆಟ್ಟಿಗೆ ಇದೆಯಲ್ಲ, ಅದು ಸುಟ್ಟಿದೆ. ಕಾರಿನ ಮಿದುಳೇ ಹೋದ ಹಾಗೆ. ಕಂಪನಿ ಆ ಪೆಟ್ಟಿಗೆ ಮಾಡೋದು ಬಿಟ್ಟು ಕಾಲ ಆಯ್ತು. ಗುಜರಿಗೆ ಹಾಕಿಬಿಡಿ."

"ಮಿದುಳಿಲ್ಲದೆ ಎಷ್ಟು ಜನ ಆರಾಮಾಗಿ ಓಡಾಡ್ಕೊಂಡಿದ್ದಾರಪ್ಪ," ಅಂದಳು ನರ್ಸಮ್ಮ. ಅವನು ನಗಲಿಲ್ಲ.

ಎರಡನೆಯದು ಅವಳ ಕಚೇರಿಯದು. ಮೇಲ್ವಿಚಾರಕಿ ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಮೇಜಿನ ಮೇಲಿನ ಪೆನ್ನುಗಳನ್ನು ಸಾಲಾಗಿ ಜೋಡಿಸಿ ಮಾತಾಡುವಾಕೆ. ಕಾರಿನ ಮಿದುಳು ಹೋದ ಕಥೆ ಕೇಳಿದ ಮೇಲೆ, ದಪ್ಪ ಹಳದಿ ರಟ್ಟಿನ ಮೇಲೆ ಅಚ್ಚಾದ ಒಂದು ವರ್ಗಾವಣೆ ಪತ್ರವನ್ನು ಮುಂದೆ ತಳ್ಳಿದಳು. "ಸ್ವಂತ ವಾಹನ ಇಲ್ಲದವರಿಗೆ ಮನೆಭೇಟಿ ಇಲ್ಲ ಸಿಸ್ಟರ್. ಸೋಮವಾರ ಎಂಟು ಗಂಟೆಗೆ ನಿಮ್ಮ ಕಾರು ಗೇಟಿನ ಮುಂದೆ ಇರಬೇಕು. ಇಲ್ಲದಿದ್ರೆ ಸಹಿ ಹಾಕಿ, ದಾಖಲೆ ವಿಭಾಗದಲ್ಲಿ ಕೂತ್ಕೊಳ್ಳಿ. ಸಂಬಳ ಅಷ್ಟೇ ಇರುತ್ತೆ."

ಅವಳ ತಮ್ಮನಿಗಂತೂ ಇದು ವರ ಸಿಕ್ಕ ಹಾಗಾಯಿತು. "ಮೇಜು, ಕುರ್ಚಿ, ತಲೆ ಮೇಲೆ ಫ್ಯಾನು! ಇನ್ನೇನು ಬೇಕಕ್ಕ ಈ ವಯಸ್ಸಲ್ಲಿ?"

"ಕುರ್ಚಿಗೆ ಯಾವ ಹುಣ್ಣಾಗಿರುತ್ತೆ ಅಂತ ಪಟ್ಟಿ ಕಟ್ಟಲಿ ಕಣೋ?" ಅಂದಳು. ನಗುತ್ತಲೇ ಅಂದಳು, ಆದರೆ ಆ ಹನ್ನೊಂದು ಮನೆಗಳ ಬಾಗಿಲುಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು.

ಗುರುವಾರ ಬಸ್ಸು ಹಿಡಿದು ನಾಲ್ಕು ಮನೆ ಮುಟ್ಟುವಷ್ಟರಲ್ಲೇ ಮಧ್ಯಾಹ್ನವಾಯಿತು. ನಾಲ್ಕನೆಯದು ಹೊಗೆಮಾವನ ಮನೆ. ಹಿಂದೆ ಟ್ಯಾಕ್ಸಿ ಓಡಿಸುತ್ತಿದ್ದ, ತನ್ನ ಗಾಡಿಯ ರಿಪೇರಿಯನ್ನು ಇನ್ನೊಬ್ಬರ ಕೈಗೆ ಕೊಡದ ಮುದುಕ. ಸೈಲೆನ್ಸರಿನ ಹೊಗೆ ಮೂಸಿ ಇಂಜಿನ್ನಿನ ರೋಗ ಹೇಳುತ್ತಿದ್ದುದರಿಂದ ಆ ಹೆಸರು ಬಂದಿತ್ತು. ಈಗ ಎಡಗಾಲಿನ ಮಾಯದ ಹುಣ್ಣು ಅವನನ್ನು ಮಂಚಕ್ಕೂ ಬಾಗಿಲ ಬಳಿಯ ಕುರ್ಚಿಗೂ ಕಟ್ಟಿಹಾಕಿತ್ತು. ಎರಡು ವರ್ಷದಿಂದ ಅದಕ್ಕೆ ಪಟ್ಟಿ ಕಟ್ಟುತ್ತಿದ್ದವಳು ನರ್ಸಮ್ಮ.

"ಇವತ್ತು ನಿನ್ನ ಗಾಡಿ ಸದ್ದೇ ಬರಲಿಲ್ವಲ್ಲ ತಾಯಿ?"

ಅವಳು ಎಲ್ಲವನ್ನೂ ಹೇಳಿದಳು. ಮುದುಕ ನಕ್ಕ ನಗುವಿಗೆ ಕಾಲು ಅಲುಗಿ, ಅವಳು "ಅಲ್ಲಾಡಬೇಡಿ ಮಾವ" ಎಂದು ಗದರಬೇಕಾಯಿತು.

"ನಿನ್ನ ಕಾರಿಗೆ ಒಬ್ಬಳು ಅಕ್ಕ ಇದ್ದಳು, ಗೊತ್ತಾ? ನನ್ನ ಟ್ಯಾಕ್ಸಿ. ಅದೇ ಇಂಜಿನ್ನು. ಅವಳಿಗೆ ಮಿದುಳೂ ಇರಲಿಲ್ಲ, ಗಿದುಳೂ ಇರಲಿಲ್ಲ. ಕಾರ್ಬ್ಯುರೇಟರ್ ಇತ್ತು. ಇಂಜಿನ್ನು ಗಾಳಿ ಎಳೀತಿತ್ತು, ಗಾಳಿ ಹೋಗ್ತಾ ಪೆಟ್ರೋಲನ್ನ ಜೊತೆಗೆ ಕರ್ಕೊಂಡು ಹೋಗ್ತಿತ್ತು. ನಾವು ಉಸಿರಾಡಲ್ವಾ, ಹಾಗೆ. ಉಸಿರಾಡೋಕೆ ಯಾರ ಅಪ್ಪಣೆ ಬೇಕು?"

ಅವನ ಬೆರಳು ಮಂಚದ ಕೆಳಗಿನ ತಗಡಿನ ಟ್ರಂಕನ್ನು ತೋರಿಸಿತು. ಟ್ಯಾಕ್ಸಿಯನ್ನು ಗುಜರಿಗೆ ಕೊಡುವಾಗ ಅವನು ಉಳಿಸಿಕೊಂಡ ಸಾಮಾನೆಲ್ಲ ಗ್ರೀಸು ಮೆತ್ತಿದ ಬಟ್ಟೆಯಲ್ಲಿ ಮಲಗಿತ್ತು. ಕಾರ್ಬ್ಯುರೇಟರ್, ಅದು ಕೂರುವ ಮ್ಯಾನಿಫೋಲ್ಡು, ಕಿಡಿ ಹಂಚುವ ಡಿಸ್ಟ್ರಿಬ್ಯೂಟರು, ಚಳಿಯಲ್ಲಿ ಇಂಜಿನ್ ಎಬ್ಬಿಸಲು ಎಳೆಯುವ ಚೋಕಿನ ಗುಂಡಿ, ಅಂಗೈಯಷ್ಟಗಲದ ಒಂದು ಪೆಟ್ರೋಲ್ ಪಂಪು.

"ನನಗೆ ನಿಲ್ಲೋಕಾಗಲ್ಲ," ಅಂದ ಮುದುಕ. "ಕಣ್ಣು ನಂದು, ಕೈ ನಿಂದು. ಆಗುತ್ತಾ?"

ನರ್ಸಮ್ಮ ತನ್ನ ಕೈಗಳನ್ನು ನೋಡಿಕೊಂಡಳು. "ಮನುಷ್ಯರ ಮೈಯನ್ನೇ ಬಿಚ್ಚಿ ಕಟ್ಟಿದ್ದೀನಿ. ಇದಕ್ಕೆ ನೋವಂತೂ ಆಗಲ್ಲ."

ಶುಕ್ರವಾರ ಸಂಜೆ ತಮ್ಮ ತನ್ನ ವ್ಯಾನಿಗೆ ಹಗ್ಗ ಬಿಗಿದು ಕಾರನ್ನು ಹೊಗೆಮಾವನ ಅಂಗಳಕ್ಕೆ ಎಳೆದು ತಂದ. ದಾರಿಯುದ್ದಕ್ಕೂ ಗೊಣಗಿದ್ದು ಸಾಲದೆ, ಇಳಿದ ಮೇಲೂ ಶುರುಮಾಡಿದ. "ಜಗತ್ತೆಲ್ಲ ಮುಂದಕ್ಕೆ ಹೋಗ್ತಿದ್ರೆ ನೀನು ಕಂಪ್ಯೂಟರ್ ಕಾರನ್ನ ಹಿಂದಕ್ಕೆ ಎಳ್ಕೊಂಡು ಹೋಗ್ತಿದ್ದೀಯಲ್ಲಕ್ಕ!"

"ಎಳೆದು ತಂದೋನು ನೀನು ಕಣೋ. ಹಗ್ಗ ಯಾರ ಗಾಡಿಗೆ ಕಟ್ಟಿದೆ, ತಿರುಗಿ ನೋಡು."

ಶನಿವಾರ ಬೆಳಿಗ್ಗೆ ಅವಳು ಸೋಪು ಹಾಕಿ ಕೈ ತೊಳೆದು ಬಾನೆಟ್ಟಿನ ಮುಂದೆ ಕಣ್ಣು ಮುಚ್ಚಿ ನಿಂತಳು. ಬಾಗಿಲ ಬಳಿ ಕುರ್ಚಿಯಲ್ಲಿ ಕಾಲು ಚಾಚಿ ಕೂತ ಮುದುಕ ಆ ಕ್ಷಣ ಬಾಯಿ ಬಿಡಲಿಲ್ಲ. ಅವಳಿಗೆ ಎಷ್ಟು ಹೊತ್ತು ಬೇಕೆಂದು ಅವನಿಗೆ ತನ್ನ ಕಾಲಿನಿಂದಲೇ ಗೊತ್ತಿತ್ತು.

ಪೆಟ್ರೋಲು ಚಿಮ್ಮಿಸುವ ಕೊಳವೆಗಳು, ಅವುಗಳ ವೈರುಗಳು, ಸುಟ್ಟ ಪೆಟ್ಟಿಗೆ ಎಲ್ಲ ಹೊರಬಂದವು. ಬಿಚ್ಚಿದ ಸ್ಕ್ರೂಗಳು ಸ್ಟೀಲ್ ತಟ್ಟೆಯಲ್ಲಿ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಕೂತವು. ಕಾರ್ಬ್ಯುರೇಟರಿನ ಜೆಟ್ಟು ಎಂಬ ಸಾಸಿವೆಯಂಥ ತೂತಿನ ಹಿತ್ತಾಳೆ ತುಂಡು ಕಟ್ಟಿಕೊಂಡಿತ್ತು. "ಪಿನ್ನು ಹಾಕಿ ತಿವೀಬೇಡ, ತೂತು ದೊಡ್ಡದಾದ್ರೆ ಗಾಡಿ ಹೊಟ್ಟೆಬಾಕ ಆಗುತ್ತೆ," ಎಂದು ಮುದುಕ ಹೇಳುವ ಮೊದಲೇ ಅವಳು ಸಿರಿಂಜಿನಲ್ಲಿ ಪೆಟ್ರೋಲು ತುಂಬಿ ಜೆಟ್ಟಿನೊಳಕ್ಕೆ ಒತ್ತುತ್ತಿದ್ದಳು. ಕಸ ಕರಗಿ ಆಚೆ ಬಂತು.

"ಮೊದಲೇ ಸಿಕ್ಕಿದ್ರೆ ನಿನ್ನನ್ನ ನಮ್ಮ ಟ್ಯಾಕ್ಸಿ ಸ್ಟ್ಯಾಂಡಿಗೆ ಸೇರಿಸ್ಕೊಂಡುಬಿಡ್ತಿದ್ದೆ," ಅಂದ ಮುದುಕ.

"ಸಂಬಳ ಕೊಡ್ತಿದ್ರಾ?"

"ಬೈಗುಳ ಕೊಡ್ತಿದ್ದೆ."

ಆಮೇಲೆ ಅವನು ಕೂತಲ್ಲಿಂದಲೇ ಮಾತಿನಲ್ಲಿ ಅವಳ ಕೈಯನ್ನು ಇಂಜಿನ್ನಿನ ಪಕ್ಕಕ್ಕೆ ಇಳಿಸಿದ. "ಇನ್ನೂ ಕೆಳಗೆ. ಸಿಕ್ತಾ? ಒಂದು ಚಿಕ್ಕ ಮುಚ್ಚಳ, ಎರಡು ಬೋಲ್ಟು."

ಸಿಕ್ಕಿತು. ಜಿಡ್ಡು, ಧೂಳು ಹೆಪ್ಪುಗಟ್ಟಿ ಇಂಜಿನ್ನಿನ ಚರ್ಮವೇ ಆಗಿಹೋಗಿದ್ದ ಒಂದು ತಗಡು. ಎರಡು ಬೋಲ್ಟು ಬಿಚ್ಚಿದರೆ ಒಳಗೆ ತೂತು. ತೂತಿನಾಚೆ ಎಣ್ಣೆಯಲ್ಲಿ ಮಿರುಗುವ ಉಬ್ಬು ಕಂಡಿತು. ತಿರುಗುತ್ತ ಪಂಪಿನ ತೋಳನ್ನು ತಳ್ಳಿ ಪೆಟ್ರೋಲು ಎಳೆಸುವ ಉಬ್ಬು.

"ಹಳೇ ಅಚ್ಚಿನಲ್ಲೇ ಹೊಸ ಇಂಜಿನ್ ಎರೆದರು," ಅಂದ ಮುದುಕ. "ಪಂಪು ಕೂರೋ ಜಾಗ ಬೇಡವಾಯ್ತು, ಮುಚ್ಚಳ ಹಾಕಿದರು. ಉಬ್ಬನ್ನ ಮಾತ್ರ ತೆಗೀಲಿಲ್ಲ."

ನರ್ಸಮ್ಮ ಬಗ್ಗಿ ನೋಡಿದಳು. ಇಪ್ಪತ್ತೊಂಬತ್ತು ವರ್ಷ ಅದು ಆ ಕತ್ತಲಲ್ಲಿ ಯಾರನ್ನೂ ತಳ್ಳದೆ, ಯಾರಿಗೂ ಬೇಡವಾಗಿ, ಇಂಜಿನ್ ತಿರುಗಿದಾಗಲೆಲ್ಲ ತಾನೂ ತಿರುಗುತ್ತಲೇ ಇತ್ತು. ಮನುಷ್ಯರು ಮುಚ್ಚಿದ್ದನ್ನೆಲ್ಲ ಭಗವಂತ ಮುಗಿಸಿರುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಯಾಕೋ ಧೈರ್ಯ ಬಂತು.

ಪಂಪಿಗೂ ಇಂಜಿನ್ನಿಗೂ ನಡುವೆ ಎಣ್ಣೆ ಸೋರದ ಹಾಗೆ ಒಂದು ಗ್ಯಾಸ್ಕೆಟ್ ಬೇಕಿತ್ತು. ಟ್ರಂಕಿನಲ್ಲಿದ್ದದ್ದು ಹಪ್ಪಳದಂತೆ ಮುರಿದಿತ್ತು. "ದಪ್ಪ ರಟ್ಟಿದ್ರೆ ಸಾಕು. ಗ್ರೀಸು ಸವರಿ ಕೂರಿಸಿದ್ರೆ ಮುಗೀತು," ಅಂದ ಮುದುಕ.

ಅವಳು ಚೀಲದಿಂದ ವರ್ಗಾವಣೆ ಪತ್ರವನ್ನು ತೆಗೆದಳು. "ಇದಾಗುತ್ತಾ ನೋಡಿ ಮಾವ."

ಅವನು ಕನ್ನಡಕ ಏರಿಸಿ ಮೇಲಿಂದ ಕೆಳಗಿನ ತನಕ ನಿಧಾನವಾಗಿ ಓದಿದ. ಬೆರಳಲ್ಲಿ ಒತ್ತಿ ದಪ್ಪ ನೋಡಿದ. "ಓದಿದ್ರೆ ಆಗಲ್ಲ. ಕತ್ತರಿಸಿದ್ರೆ ಆಗುತ್ತೆ."

ಪಟ್ಟಿ ಕತ್ತರಿಸುವ ಕತ್ತರಿಯಿಂದ ಅವಳು ಅದನ್ನು ಒಂದು ಎಳೆಯೂ ಏಳದ ಹಾಗೆ ಕತ್ತರಿಸಿದಳು.

ಮಧ್ಯಾಹ್ನ ಮೂರಕ್ಕೆ ಎಲ್ಲ ಕೂತಿತು. ತಮ್ಮ ಸ್ಟಿಯರಿಂಗಿನ ಹಿಂದೆ ಕೂತ. "ತಿರುಗಿಸಲಾ?" "ತಿರುಗಿಸು," ಅಂದ ಮುದುಕ.

ಇಂಜಿನ್ನು ಒಮ್ಮೆ ಕೆಮ್ಮಿತು, ಒಮ್ಮೆ ಗರ್ಜಿಸಿತು. ಮರುಕ್ಷಣ ಕಾರ್ಬ್ಯುರೇಟರಿನ ಗಂಟಲಿನಿಂದ ಪೆಟ್ರೋಲು ಉಕ್ಕಿ ಬುಳಬುಳನೆ ಹರಿಯಿತು. ಮುದುಕ ಕುರ್ಚಿಯಿಂದ ಕೂಗಿದ, "ಆಫ್ ಮಾಡೋ, ಆಫ್ ಮಾಡು!" ಕೂಗು ಮುಗಿಯುವ ಮೊದಲೇ ನರ್ಸಮ್ಮ ಜೇಬಿನಿಂದ ರಕ್ತನಾಳ ಹಿಡಿಯುವ ಚಿಮಟ ತೆಗೆದು ಪೆಟ್ರೋಲಿನ ಟ್ಯೂಬನ್ನು ಕಚ್ಚಿಸಿದ್ದಳು. ಹರಿವು ನಿಂತಿತು. ಇಂಜಿನ್ನೂ ನಿಂತಿತು. ಅಂಗಳವೆಲ್ಲ ಪೆಟ್ರೋಲಿನ ನಾತ.

ತಮ್ಮ ಬಾಗಿಲು ದೂಡಿ ಹೊರಗೆ ಹಾರಿದ. "ಸಾಕಕ್ಕ! ಸುಟ್ಟು ಬೂದಿ ಆಗ್ತಿದ್ವಿ! ನಿನ್ನ ಹಟಕ್ಕೆ ಒಂದು ಮಿತಿ ಬೇಡ್ವಾ?" ಮೂಲೆಯಲ್ಲಿದ್ದ ಹಗ್ಗವನ್ನು ಎತ್ತಿಕೊಂಡ. "ಗುಜರಿ ಅಂಗಡಿ ಐದು ಗಂಟೆ ತನಕ ತೆಗೆದಿರುತ್ತೆ. ಹೋಗೋಣ ನಡಿ."

ಮುದುಕ ಬೈಯಲಿಲ್ಲ. ಮೆಲ್ಲಗೆ ಕೇಳಿದ, "ಹಿಂದಿನ ಸೀಟಿನ ಕೆಳಗೆ, ಟ್ಯಾಂಕಿನೊಳಗಿರೋ ಕರೆಂಟಿನ ಪಂಪು. ಅದನ್ನ ಎತ್ತಿ, ಬರೀ ನಳಿಕೆ ಇಳಿಸು ಅಂದಿದ್ದೆ. ಇಳಿಸಿದ್ಯಾ?"

ನರ್ಸಮ್ಮ ತಲೆ ತಗ್ಗಿಸಿದಳು. "ಬಿಟ್ಟಿದ್ದೆ ಮಾವ. ಷೋರೂಮಿನೋರು ಪರೀಕ್ಷೆಗೆ ಅಂತ ಅದನ್ನ ಕೀಲಿ ತಿರುಗಿಸಿದ್ರೆ ಸಾಕು ಓಡೋ ಹಾಗೆ ನೇರ ಕೀಲಿಗೇ ಕಟ್ಟಿದ್ರು, ಅದನ್ನೂ ಹಾಗೇ ಬಿಟ್ಟೆ. ಹೊಸ ಡ್ರಿಪ್ಪು ಹರಿಯೋದನ್ನ ಕಣ್ಣಾರೆ ನೋಡೋ ತನಕ ಹಳೇ ಡ್ರಿಪ್ಪು ತೆಗೀಬಾರದು ಅಂತ ಮೂವತ್ತು ವರ್ಷದ ಅಭ್ಯಾಸ. ಕೈಯೇ ಬರಲಿಲ್ಲ."

"ಮನುಷ್ಯರಿಗೆ ಅದೇ ಸರಿ. ಇಲ್ಲಿ ಹಳೇದು ಅಷ್ಟು ದೂರದಿಂದ ಚಿಮ್ಮಿಸೋಕೆ ಅಂತ ಮಾಡಿದ ಪಂಪು. ಅದರ ಜೋರಿಗೆ ಕಾರ್ಬ್ಯುರೇಟರಿಗೆ ಬಾಯಿ ಮುಚ್ಚೋಕೇ ಆಗಲ್ಲ. ಇದಕ್ಕೆ ಕುಡಿಸಬೇಕು ತಾಯಿ, ತುರುಕಬಾರದು."

ತಮ್ಮ ಹಗ್ಗ ಹಿಡಿದು ನಿಂತೇ ಇದ್ದ. ಅವಳು ಅವನನ್ನೂ ಕಾರನ್ನೂ ನೋಡಿದಳು. ಹಳೆಯದು, ಹೊಸದು ಎರಡನ್ನೂ ಹಿಡಿದುಕೊಂಡು ದಾಟುತ್ತೇನೆಂದು ಹೊರಟಿದ್ದು ತಾನೇ ಎಂದು ಅವಳಿಗೆ ಗೊತ್ತಾಯಿತು. ಸೋತರೆ ಹಳೆಯದಾದರೂ ಇರಲಿ ಎಂಬ ಆಸೆ ಒಳಗೆಲ್ಲೋ ಉಳಿದಿತ್ತು, ಮಡಿಸಿಟ್ಟ ಪತ್ರದ ಹಾಗೆ. ಆ ಪತ್ರವನ್ನಂತೂ ಕತ್ತರಿಸಿಯಾಗಿತ್ತು.

"ಹಗ್ಗ ಕೆಳಗಿಡು," ಅಂದಳು. ದನಿ ಏರಲಿಲ್ಲ. "ಬ್ಯಾಟರಿ ವೈರು ಬಿಚ್ಚು. ಹಿಂದಿನ ಸೀಟು ಎತ್ತು."

"ಅಕ್ಕ..."

"ನಿನಗೆ ಭಯ ಆದ್ರೆ ಬೀದೀಲಿ ನಿಂತ್ಕೋ. ನಾನಂತೂ ಸೋಮವಾರ ಈ ಕಾರಲ್ಲೇ ಹೋಗೋದು."

ಅವನು ಬೀದಿಗೆ ಹೋಗಲಿಲ್ಲ. ಬ್ಯಾಟರಿ ವೈರು ಬಿಚ್ಚಿ, ಸೀಟು ಎತ್ತಿದ. ಅವಳು ಹಳೆಯ ಪಂಪನ್ನು ಟ್ಯಾಂಕಿನಿಂದ ಎತ್ತಿ ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟಳು, ಅದರ ವೈರನ್ನು ಕಿತ್ತು ತುದಿಗೆ ಪಟ್ಟಿ ಸುತ್ತಿದಳು, ಆ ಜಾಗಕ್ಕೆ ಬರಿಯ ನಳಿಕೆ ಇಳಿಸಿ ಮುಚ್ಚಳ ಬಿಗಿದಳು. ಚೆಲ್ಲಿದ್ದನ್ನೆಲ್ಲ ಒರೆಸಿ, ಬಾನೆಟ್ಟು ತೆರೆದಿಟ್ಟು, ನಾತ ಪೂರ್ತಿ ಹೋಗುವ ತನಕ ಮೂವರೂ ಒಳಗೆ ಕೂತು ಚಹಾ ಕುಡಿದರು.

ಬಿಸಿಲು ಗೋಡೆಯಿಂದ ಇಳಿಯುವ ಹೊತ್ತಿಗೆ ಬ್ಯಾಟರಿ ವೈರು ಜೋಡಿಸಿ, ಚಿಮಟ ಬಿಚ್ಚಿ, ಮತ್ತೆ ಕೀಲಿ ತಿರುಗಿಸಿದರು. ಪಂಪು ಎಳೆದುಕೊಳ್ಳಲು ಸ್ವಲ್ಪ ಹೊತ್ತಾಯಿತು. ಕೆಮ್ಮು, ಇನ್ನೊಂದು ಕೆಮ್ಮು. ಆಮೇಲೆ ಇಂಜಿನ್ನು ಹಿಡಿಯಿತು. ಮೊದಲಿನ ನಯವಾದ ಸದ್ದಲ್ಲ. ಒರಟು, ತುಂಬು ಎದೆಯ ಸದ್ದು. ಹೊಗೆಮಾವ ಅವಳ ಭುಜ ಹಿಡಿದು ಕುಂಟುತ್ತ ಸೈಲೆನ್ಸರಿನ ತನಕ ಬಂದು ಮೂಗರಳಿಸಿದ.

"ಸ್ವಲ್ಪ ಜಾಸ್ತಿ ಕುಡೀತಿದೆ. ಆ ಸ್ಕ್ರೂ ಕಾಲು ಸುತ್ತು ಬಿಗಿ." ಬಿಗಿದಳು. ಅವನು ಮತ್ತೆ ಮೂಸಿ ಕಣ್ಣು ಮುಚ್ಚಿದ. "ಬಂದಳು. ಅಕ್ಕ ಬಂದಳು."

ಸೋಮವಾರ ಬೆಳಿಗ್ಗೆ ಚಳಿ. ಎಂಟಕ್ಕೆ ಐದು ನಿಮಿಷವಿರುವಾಗ ಅವಳ ನೀಲಿ ಕಾರು ಗೇಟಿನ ಮುಂದೆ ನಿಂತಿತು. ಮೇಲ್ವಿಚಾರಕಿ ಫೈಲು ಎದೆಗವಚಿಕೊಂಡು ಬಂದಳು. "ಮಿದುಳು ಸಿಕ್ತಾ ಸಿಸ್ಟರ್?"

"ಅದಿಲ್ಲದೇನೇ ಓಡ್ತಿದೆ ಮೇಡಂ."

ಮೇಲ್ವಿಚಾರಕಿ ಗಡಗಡ ಸದ್ದನ್ನು ಕೇಳಿಸಿಕೊಂಡಳು. ತಕರಾರೆತ್ತಲು ಏನೂ ಸಿಗದೆ ಫೈಲು ತೆರೆದಳು. "ಸರಿ. ಹಾಗಾದ್ರೆ ಆ ಪತ್ರ ವಾಪಸ್ ಕೊಡಿ. ಸಹಿ ಹಾಕದಿದ್ರೂ ದಾಖಲೆಗೆ ಬೇಕು."

"ಕೊಡೋಕಾಗಲ್ಲ. ಅದು ಕೆಲಸದಲ್ಲಿದೆ."

ನರ್ಸಮ್ಮ ಇಂಜಿನ್ ನಿಲ್ಲಿಸಿ ಬಾನೆಟ್ಟು ಎತ್ತಿದಳು. ಪಂಪಿನ ಅಂಚಿನಿಂದ ಹಳದಿ ರಟ್ಟು ಕೂದಲೆಳೆಯಷ್ಟು ಇಣುಕುತ್ತಿತ್ತು. ಒಂದು ಮೂಲೆಯಲ್ಲಿ ಕಚೇರಿಯ ಮುದ್ರೆಯ ನೀಲಿ ಚೂರು.

"ಸಿಸ್ಟರ್! ಇದು ಕಚೇರಿ ಪತ್ರ!"

"ಹೌದು. ಒಂದು ತೊಟ್ಟು ಸೋರದ ಹಾಗೆ ನೋಡ್ಕೊಳ್ತಿದೆ." ನರ್ಸಮ್ಮ ಚೀಲದಿಂದ ಸ್ಪ್ಯಾನರ್ ತೆಗೆದು ಎರಡೂ ಕೈಯಲ್ಲಿ ವಿನಯದಿಂದ ಮುಂದೆ ಹಿಡಿದಳು. "ಬೇಕೇ ಬೇಕು ಅಂದ್ರೆ ತಗೊಳ್ಳಿ. ಎರಡೇ ಬೋಲ್ಟು."

ಮೇಲ್ವಿಚಾರಕಿ ಸ್ಪ್ಯಾನರನ್ನು ನೋಡಿದಳು, ಜಿಡ್ಡನ್ನು ನೋಡಿದಳು, ತನ್ನ ಉಗುರುಗಳನ್ನು ನೋಡಿಕೊಂಡಳು. ಆಮೇಲೆ ಫೈಲಿನಿಂದ ಹನ್ನೊಂದು ಮನೆಗಳ ಪಟ್ಟಿಯನ್ನು ತೆಗೆದು, ಸ್ಪ್ಯಾನರಿನ ಮೇಲೇ ಇಟ್ಟಳು.

ನರ್ಸಮ್ಮ ಒಳಗೆ ಕೂತು ಚೋಕಿನ ಗುಂಡಿ ಎಳೆದು ಕೀಲಿ ತಿರುಗಿಸಿದಳು. ಕಣ್ಣು ಮುಚ್ಚಿ ಕಾದಳು. ಇಂಜಿನ್ನು ತನ್ನ ಉಸಿರನ್ನು ತಾನೇ ಎಳೆದುಕೊಂಡಿತು. ಗುಂಡಿಯನ್ನು ಮೆಲ್ಲಗೆ ಒಳಗೆ ತಳ್ಳಿ, ಮೊದಲ ಮನೆಗೆ ಹೊರಟಳು.